ಅಗಸೆಯ ಹೂ: ಶಾಕಪುಷ್ಪದ ಇತಿಹಾಸದಲ್ಲಿ ಒಂದು ನಾಮಸಂಕರ

ಬೀಜವನ್ನು ಬಿತ್ತುವುದು ಕಾಳಿಗಾಗಿ ಇಲ್ಲವೇ ಕಾಯಿಗಾಗಿ, ಹೂವಾದರೋ ಪೂಜೆಗೂ ಮುಡಿಗೂ ಎಂಬುದು ಲೋಕರೂಢಿಯಾಗಿದೆ. ನಮ್ಮ ಪ್ರಾಚೀನರು ಹೂವನ್ನು ಶಾಕವರ್ಗದಲ್ಲಿಯೂ ಎಣಿಸಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯವು ಅನ್ನಪಾನವಿಧಿಯನ್ನು ತಿಳಿಸತಕ್ಕುದು. ಅಲ್ಲಿ ಕೋವಿದಾರ, ಶಣ, ಶಾಲ್ಮಲಿ, ವೃಷ, ಅಗಸ್ತ್ಯ ಮೊದಲಾದವುಗಳ ಹೂಗಳ ರಸವೀರ್ಯಾದಿಗಳು ಉಕ್ತವಾಗಿವೆ. ಹೂ, ಎಲೆ, ಕಾಯಿ, ದಂಟು, ಗೆಡ್ಡೆ ಇವು ಒಂದಕ್ಕಿಂತ ಒಂದು ಗುರುವೆಂದು ಹೇಳಿರುವುದರಿಂದ ಶಾಕಗಳಲ್ಲೆಲ್ಲಾ ಹೂವೇ ಲಘುವೆಂದು ಸುಶ್ರುತನ ಮತ. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಎಲೆಯನ್ನು ಮೊದಲು ಹೇಳಿ ಹೂವನ್ನು ಎರಡನೆಯದಾಗಿ ಎಣಿಸಿದನು. ಕ್ರಮವು ಬದಲಾದರೂ ಆಹಾರದಲ್ಲಿ ಹೂವಿನ ಸ್ಥಾನವು ತಪ್ಪಲಿಲ್ಲ.

ಮೇಲ್ಕಂಡ ಹೂಗಳಲ್ಲಿ ಅಗಸ್ತ್ಯವು ಕನ್ನಡನಾಡಿನ ತೋಟಗಳಿಗೂ ಅಡಿಗೆಮನೆಗಳಿಗೂ ಚಿರಪರಿಚಿತವಾದುದು. ಇದಕ್ಕೆ ಕನ್ನಡದಲ್ಲಿ ಅಗಸೆಯೆಂದೂ ಚೊಗಚೆಯೆಂದೂ ಹೆಸರು. ಆದರೆ ಎಣ್ಣೆಕಾಳನ್ನು ಕೊಡುವ ಅತಸಿಗೂ ಕನ್ನಡದಲ್ಲಿ ಅಗಸೆಯೆಂದೇ ಹೆಸರಿರುವುದರಿಂದ ಗ್ರಂಥಗಳಿಗೆ ಅರ್ಥ ಹೇಳುವಲ್ಲಿ ಭ್ರಾಂತಿಗೆ ಎಡೆಯುಂಟಾಗಿದೆ. ಆದಕಾರಣ ಈ ಎರಡರ ಭೇದವು ವಿಚಾರಣೀಯವಾಗಿದೆ.

ಸಂಸ್ಕೃತ ಕೋಶಗಳಲ್ಲಿ ಸಂದೇಹವಿಲ್ಲ. ಅಮರಸಿಂಹನು ಅತಸಿಗೆ ಉಮಾ, ಕ್ಷುಮಾ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಅದರ ನಾರಿನಿಂದಾದ ವಸ್ತ್ರವೇ ಕ್ಷೌಮ. ಅಗಸ್ತ್ಯಕ್ಕಾದರೋ ವಂಗಸೇನ, ಮುನಿದ್ರುಮ, ಮುನಿಪುಷ್ಪ ಎಂಬ ಹೆಸರುಗಳು ಪ್ರಸಿದ್ಧವಾಗಿವೆ. ಶರತ್ಕಾಲದಲ್ಲಿ ಅಗಸ್ತ್ಯನಕ್ಷತ್ರವು ಉದಯಿಸುವ ವೇಳೆಗೆ ಹೂ ಬಿಡುವುದರಿಂದ ಈ ಮರಕ್ಕೆ ಮುನಿಯ ಹೆಸರು ಬಂದಿತೆಂದು ಪಂಡಿತರ ಸಂಪ್ರದಾಯ. ಅತಸಿಯು ತಕಾರಲೋಪದಿಂದ ಪ್ರಾಕೃತದಲ್ಲಿ ಅಯಸಿಯಾಯಿತು. ಬೇರೆ ಬೇರೆ ಮೂಲಗಳಿಂದ ಹೊರಟ ಎರಡು ಶಬ್ದಗಳು ದೇಶಭಾಷೆಯಲ್ಲಿ ಏಕರೂಪವನ್ನು ತಾಳಿದವು. ಈ ಸಂಕರವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ತೆಲುಗಿನಲ್ಲಿಯೂ ಮರವು ಅವಿಸೆ, ಎಣ್ಣೆಕಾಳೂ ಅವಿಸೆ. ತಮಿಳಿನಲ್ಲಾದರೋ ಮರವು ಅಗತ್ತಿ, ಎಣ್ಣೆಕಾಳು ಆಳಿ. ಅಲ್ಲಿ ಭೇದವು ಉಳಿದಿದೆ.

ಹೆಸರು ಒಂದಾದರೂ ಬೀಜದಿಂದ ಅಡಿಗೆಯವರೆಗೆ ಇವುಗಳ ನಡೆ ಬೇರೆ. ಅತಸಿಯು ಉತ್ತರ ಕರ್ಣಾಟಕದ ಎರೆಯ ಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಮೊಣಕಾಲು ಸೊಂಟದೆತ್ತರದ ಪೈರು. ಅದರ ಹೂ ನೀಲವರ್ಣದ್ದು, ಐದು ದಳಗಳುಳ್ಳದ್ದು. ಬೆಳಗ್ಗೆ ಅರಳಿ ಹೊತ್ತೇರಿದಂತೆ ದಳಗಳನ್ನು ಉದುರಿಸುವುದು. ರೈತನು ಆ ಹೂವನ್ನು ಕೊಯ್ಯುವುದಿಲ್ಲ. ಕೊಯ್ದರೆ ಕಾಯಿಯೇ ಇಲ್ಲವಾಗುವುದು. ಚಟ್ನಿಪುಡಿಗೂ ಗಾಣಕ್ಕೂ ಬೇಕಾದುದು ಅದರ ಬೀಜ.

ಅಗಸ್ತ್ಯದ ಬೀಜವಾದರೋ ಬಿತ್ತನೆಗೆ ಮಾತ್ರ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಬೀಜವನ್ನು ಹತ್ತು ದಿನ ಹಾಲಿನಲ್ಲಿ ಭಾವಿಸಿ, ತುಪ್ಪ ಸವರಿದ ಕೈಯಿಂದ ತಿಕ್ಕಿ, ಗೋಮಯದಲ್ಲಿ ಹೊರಳಿಸಿ, ಧೂಪಾದಿ ಸಂಸ್ಕಾರಗಳನ್ನು ಮಾಡಿ ಬಿತ್ತಿದರೆ ಗಿಡವು ಹೂವಿನೊಡನೆಯೇ ಹುಟ್ಟುವುದೆಂದು ಹೇಳಿರುತ್ತಾನೆ. ಅಗಸ್ತ್ಯಕ್ಕೆ ಅಷ್ಟು ಉಪಚಾರವು ಬೇಕಿಲ್ಲ. ವೀಳ್ಯದೆಲೆಯ ತೋಟದಲ್ಲಿ ಸಾಲುಸಾಲಾಗಿ ಬೀಜ ಹಾಕಿದರೆ ಮೊದಲ ವರ್ಷದಲ್ಲಿಯೇ ಆಳೆತ್ತರವನ್ನು ಮೀರಿ ಬೆಳೆಯುವುದು. ಬಳ್ಳಿಗೆ ಆಸರೆಯೂ ನೆರಳೂ ಆಗುವುದು. ಎಳೆಚಂದ್ರನಂತೆ ಬಾಗಿದ ಅದರ ಮೊಗ್ಗು ಬೆಳ್ಳಗೆ ಅಥವಾ ಕೆಂಪಗಿರುವುದು. ಕಹಿಯಾದ ಕೇಸರವನ್ನೂ ತೊಟ್ಟನ್ನೂ ತೆಗೆದು ದಳಗಳನ್ನು ಪಲ್ಯಕ್ಕೆ ಉಪಯೋಗಿಸುವರು. ಹಿಟ್ಟಿನಲ್ಲಿ ಅದ್ದಿ ಕರಿಯುವುದೂ ಉಂಟು. ದ್ವಾದಶಿಯ ಪಾರಣೆಯಲ್ಲಿ ನೆಲ್ಲಿಯೊಡನೆ ಬರುವ ಅಗಸೆಯ ಸೊಪ್ಪು ಈ ಮರದ್ದೇ.

ಈ ವಿವೇಚನೆಯು ಕೇವಲ ಶಬ್ದವಿನೋದವಲ್ಲ. ಸುಶ್ರುತನು ಅದೇ 46ನೆಯ ಅಧ್ಯಾಯದಲ್ಲಿ ಅತಸಿಯನ್ನು ಧಾನ್ಯಗಳೊಡನೆ ಹೇಳಿ, ಅದು ಉಷ್ಣವೆಂದೂ ಪಿತ್ತವನ್ನು ಹೆಚ್ಚಿಸತಕ್ಕುದೆಂದೂ ವಿಧಿಸಿದ್ದಾನೆ. ಅಗಸ್ತ್ಯದ ಹೂವು ಅತಿಶೀತವೂ ಅತ್ಯುಷ್ಣವೂ ಅಲ್ಲವೆಂದೂ ಇರುಳುಗುರುಡರಿಗೆ ಹಿತವೆಂದೂ ಹೇಳಿದ್ದಾನೆ. ಭಾವಮಿಶ್ರನು ಅಗಸ್ತ್ಯವನ್ನು ಶೀತವೆಂದೂ ಪಿತ್ತಹರವೆಂದೂ ಎಣಿಸಿದನು. ಎರಡು ಕಡೆಯೂ ಬರಿದೇ ಅಗಸೆಯೆಂದು ಟೀಕೆ ಬರೆದರೆ, ಪಿತ್ತವನ್ನು ಶಮನಗೊಳಿಸತಕ್ಕುದರ ಸ್ಥಾನದಲ್ಲಿ ಅದನ್ನು ಕೆರಳಿಸತಕ್ಕುದು ಬಂದು ನಿಲ್ಲುವುದು. ಶಾಸ್ತ್ರಕಾರನ ಅಭಿಪ್ರಾಯವೇ ತಲೆಕೆಳಗಾಗುವುದು.

ಸಾಹಿತ್ಯದಲ್ಲಿಯೂ ಇದೇ ಅಪಾಯವುಂಟು. ವಿಷ್ಣುವಿನ ಶ್ಯಾಮಲಕಾಂತಿಗೆ ಅತಸೀಕುಸುಮದ ಉಪಮೆಯು ಸ್ತೋತ್ರಗಳಲ್ಲಿ ಸುಪ್ರಸಿದ್ಧವಾದುದು. ಅದಕ್ಕೆ ಅಗಸೆಯ ಹೂವೆಂದಷ್ಟೇ ಅರ್ಥ ಹೇಳಿದರೆ, ತೋಟದ ಬಿಳಿಯ ಹೂವನ್ನು ಕಂಡ ವಿದ್ಯಾರ್ಥಿಗೆ ಉಪಮೇಯದ ನೀಲವು ತೋರುವುದೇ ಇಲ್ಲ. ಉಪಾಧ್ಯಾಯನು ತಿಳಿಸಬೇಕಾದುದು ಹೊಲದ ನೀಲಿ ಹೂವನ್ನು.

ಆದುದರಿಂದ ಬೀಜ, ಎಣ್ಣೆ, ನಾರು, ನೀಲವರ್ಣ ಇವುಗಳ ಪ್ರಸಂಗವಿದ್ದಲ್ಲಿ ಅಗಸೆಯೆಂದರೆ ಅತಸಿ. ಮರ, ಸೊಪ್ಪು, ಪಾರಣೆ, ಶಾಕಪುಷ್ಪ ಇವುಗಳ ಪ್ರಸಂಗವಿದ್ದಲ್ಲಿ ಅಗಸ್ತ್ಯ ಎಂದು ನಿರ್ಣಯಿಸುವುದು ಯುಕ್ತವಾಗಿದೆ. ಟೀಕಾಕಾರರೂ ಕೋಶಕಾರರೂ ಮೊದಲನೆಯದಕ್ಕೆ ಅಗಸೆಯ ಪೈರೆಂದೂ ಎರಡನೆಯದಕ್ಕೆ ಅಗಸೆಯ ಮರವೆಂದೂ ಬರೆದರೆ ಸಂದೇಹಕ್ಕೆ ಅವಕಾಶವಿರದು. ಒಂದರಲ್ಲಿ ಉಣ್ಣತಕ್ಕುದು ಬೀಜ, ಮತ್ತೊಂದರಲ್ಲಿ ಹೂ. ತೋಟಗಾರರೂ ಅಡಿಗೆಯವರೂ ಎಂದೂ ಮರೆಯದ ಈ ಭೇದವು ಗ್ರಂಥಗಳಲ್ಲಿಯೂ ಉಳಿಯತಕ್ಕುದಾಗಿದೆ.