ವೀಸಾ ನಿರಾಕರಣೆ: ಬಂದು ಹೋದ ಮೇಲ್ಮನವಿಯ ಹಕ್ಕು

ಬಾಣಂತನಕ್ಕೆ ಮಗಳು ತವರಿಗೆ ಬರುವುದು ಹಳೇ ಮೈಸೂರು ಕಡೆಯ ವಾಡಿಕೆ. ಮಗಳು ಲಂಡನ್ನಿನಲ್ಲಿದ್ದರೆ ತಾಯಿಯೇ ಅಲ್ಲಿಗೆ ಹೊರಡಬೇಕು. ನಂಜನಗೂಡು, ತಿ. ನರಸೀಪುರದಂಥ ಊರುಗಳ ಹಿರಿಯರು ಪಾಸ್‌ಪೋರ್ಟು ಮಾಡಿಸುವುದು ಹೆಚ್ಚಾಗಿ ಇಂಥ ಕಾರಣಕ್ಕೇ. ಪಾಸ್‌ಪೋರ್ಟು ಕೊಡುವುದು ಭಾರತ ಸರ್ಕಾರ. ವೀಸಾ ಕೊಡಬೇಕಾದದ್ದು ಆ ದೇಶ. ಅದು ‘ಇಲ್ಲ’ ಎಂದರೆ ಯಾರನ್ನು ಕೇಳುವುದು?

ಜಮೀನಿನ ಖಾತೆ ಬದಲಾವಣೆಯಲ್ಲಿ ತಹಸೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದೆಂದು ಈ ತಾಲ್ಲೂಕುಗಳ ರೈತರಿಗೆ ಗೊತ್ತು. ವೀಸಾ ವಿಷಯದಲ್ಲಿ ಅಂಥ ಮೆಟ್ಟಿಲು ಇರಬೇಕೇ ಬೇಡವೇ ಎಂಬ ಬಗ್ಗೆ ಬ್ರಿಟನ್ ಅರ್ಧ ಶತಮಾನದಲ್ಲಿ ಹಲವು ಬಾರಿ ಮನಸ್ಸು ಬದಲಿಸಿದೆ.

1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆಗೆ ಮೊದಲು ಭಾರತೀಯರು ಪಾಸ್‌ಪೋರ್ಟು ಹಿಡಿದು ನೇರವಾಗಿ ಅಲ್ಲಿಗೆ ಹೋಗಬಹುದಿತ್ತು. ಕಾಯ್ದೆ ಬಂದ ಮೇಲೆ ಬಿಡುವುದೂ ತಡೆಯುವುದೂ ವಲಸೆ ಅಧಿಕಾರಿಯ ಕೈಗೆ ಹೋಯಿತು. ಇಷ್ಟು ಅಧಿಕಾರಕ್ಕೆ ಪ್ರಶ್ನೆಯೇ ಇಲ್ಲದಿರುವುದು ಸರಿಯಲ್ಲ ಎಂದು ಸರ್ ರಾಯ್ ವಿಲ್ಸನ್ ಸಮಿತಿ 1967ರಲ್ಲಿ ಹೇಳಿತು. ಅದರ ಫಲವಾಗಿ 1969ರ ಕಾಯ್ದೆಯಲ್ಲಿ ಮೇಲ್ಮನವಿಯ ಹಕ್ಕು ಬಂತು. 1986ರ ಅಕ್ಟೋಬರ್‌ನಿಂದ ಭಾರತೀಯ ಸಂದರ್ಶಕರಿಗೆ ವೀಸಾ ಕಡ್ಡಾಯವಾಯಿತು. 1993ರಲ್ಲಿ ಸಂದರ್ಶಕರ ಮೇಲ್ಮನವಿ ಹಕ್ಕನ್ನೇ ಸಂಸತ್ತು ತೆಗೆದುಹಾಕಿತು.

2000ದ ಅಕ್ಟೋಬರ್‌ನಲ್ಲಿ ಲೇಬರ್ ಸರ್ಕಾರ ಹಕ್ಕನ್ನು ಮರಳಿಸಿತು, ಬಂಧುಗಳನ್ನು ನೋಡಲು ಹೋಗುವವರಿಗೆ ಮಾತ್ರ. ಮೊದಲಿಗೆ ಮೌಖಿಕ ವಿಚಾರಣೆಗೆ 500 ಪೌಂಡ್ ಶುಲ್ಕವಿತ್ತು. ಟೀಕೆ ಬಂದ ಮೇಲೆ ಅದು ಇಳಿದು, 2002ರಲ್ಲಿ ರದ್ದಾಯಿತು. 2011ರಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು.

ಆಗಿನ ಕ್ರಮ ಹೀಗಿತ್ತು. ನಿರಾಕರಣೆ ಪತ್ರ ಕೈಸೇರಿದ 28 ದಿನಗಳೊಳಗೆ ಕಾರಣಸಹಿತ ಮೇಲ್ಮನವಿ ಸಲ್ಲಿಸಬೇಕು. ವೀಸಾ ಕಚೇರಿಯ ಮೇಲಧಿಕಾರಿ ಕಡತವನ್ನು ಮರುಪರಿಶೀಲಿಸುತ್ತಾರೆ. ಅವರೂ ಒಪ್ಪದಿದ್ದರೆ ಪ್ರಕರಣ ಬ್ರಿಟನ್ನಿನ ನ್ಯಾಯಮಂಡಳಿಗೆ ಹೋಗುತ್ತದೆ. ಅರ್ಜಿದಾರರಾದ ತಾಯಿ ಊರಿನಲ್ಲೇ ಇರುತ್ತಾರೆ. ಅವರ ಪರವಾಗಿ ಸಾಕ್ಷಿ ಹೇಳುವವರು ಅಲ್ಲಿರುವ ಮಗಳು, ಅಳಿಯ. ನಿರಾಕರಣೆಯ ದಿನ ಪರಿಸ್ಥಿತಿ ಹೇಗಿತ್ತು ಎಂಬುದನ್ನಷ್ಟೇ ಮಂಡಳಿ ನೋಡುತ್ತಿತ್ತು. ಆಮೇಲೆ ಬ್ಯಾಂಕಿಗೆ ಹಣ ಕಟ್ಟಿದರೆ ಪ್ರಯೋಜನವಿಲ್ಲ. ಆ ದಿನವೂ ಜಮೀನು ತಮ್ಮದೇ ಆಗಿತ್ತೆಂದು ತೋರಿಸುವ ಪಹಣಿಗೆ ಬೆಲೆಯಿತ್ತು.

ಬಂಧು ಎಂದರೆ ಯಾರು ಎಂಬುದನ್ನೂ ನಿಯಮವೇ ಹೇಳುತ್ತಿತ್ತು. ಚಿಕ್ಕಪ್ಪ, ಸೋದರಮಾವ, ಅತ್ತೆಯ ಮಕ್ಕಳು ಕೂಡ ಪಟ್ಟಿಯಲ್ಲಿದ್ದರು. 2012ರ ಜುಲೈನಲ್ಲಿ ಇವರನ್ನೆಲ್ಲ ಕೈಬಿಡಲಾಯಿತು. ಮದುವೆಯಲ್ಲಿ ಸೋದರಮಾವನಿಗೆ ವಿಶೇಷ ಸ್ಥಾನ ಕೊಡುವ ಮನೆತನಗಳಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 2013ರ ಜೂನ್ 25ರಂದು ಉಳಿದ ಬಂಧುಗಳ ಹಕ್ಕೂ ಹೋಯಿತು.

ಸರ್ಕಾರದ ವಾದವೂ ಇತ್ತು: ಮೇಲ್ಮನವಿಗೆ ಎಂಟು ತಿಂಗಳವರೆಗೆ ಹಿಡಿಯುತ್ತದೆ, ಹೊಸ ಅರ್ಜಿ ಹದಿನೈದು ದಿನಗಳಲ್ಲಿ ತೀರ್ಮಾನವಾಗುತ್ತದೆ. ಇದರಲ್ಲಿ ಹುರುಳಿಲ್ಲದಿಲ್ಲ. ಎಂಟು ತಿಂಗಳಲ್ಲಿ ಬಾಣಂತನ ಮುಗಿದು ಮಗು ಅಂಬೆಗಾಲಿಡುತ್ತಿರುತ್ತದೆ. ಆದರೆ ಹೊಸ ಅರ್ಜಿ ಹೋಗುವುದು ಮತ್ತೆ ವೀಸಾ ಅಧಿಕಾರಿಗೇ, ಶುಲ್ಕವೂ ಮತ್ತೆ. ಅಧಿಕಾರಿ ತಪ್ಪಿದ್ದಾರೆ ಎಂದು ಹೇಳಬಲ್ಲ ಮೂರನೆಯವರು ಅಲ್ಲಿಲ್ಲ.

ಪೂರ್ತಿ ಬಾಗಿಲು ಮುಚ್ಚಿಲ್ಲ. ಕುಟುಂಬ ಜೀವನದಂಥ ಮಾನವ ಹಕ್ಕಿನ ಪ್ರಶ್ನೆ ಎತ್ತಿದ್ದು, ಅದನ್ನು ನಿರಾಕರಿಸಿದ್ದರೆ ಮೇಲ್ಮನವಿ ಸಾಧ್ಯ. ತೀರ್ಮಾನ ಕಾನೂನುಬಾಹಿರವೆನಿಸಿದರೆ ಮೂರು ತಿಂಗಳೊಳಗೆ ನ್ಯಾಯಾಂಗ ಪರಿಶೀಲನೆ ಕೋರಬಹುದು. ಎರಡೂ ವಕೀಲರಿಲ್ಲದೆ ನಡೆಯುವುದು ಕಷ್ಟ.

ಬೇರೆ ದೇಶಗಳ ದಾರಿ ಬೇರೆ. ಅಮೆರಿಕದ 1952ರ ಕಾಯ್ದೆಯ ಸೆಕ್ಷನ್ 214(ಬಿ) ಪ್ರಕಾರ, ಪ್ರವಾಸಿ ವೀಸಾ ಕೇಳುವವರು ನೆಲೆಸಲೆಂದೇ ಬರುತ್ತಾರೆ ಎಂಬ ಊಹೆಯಿಂದ ಅಧಿಕಾರಿ ಶುರುಮಾಡುತ್ತಾರೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಅಲ್ಲಿ ಮೇಲ್ಮನವಿಯಿಲ್ಲ. ಕೆನಡಾದಲ್ಲಿ 60 ದಿನಗಳೊಳಗೆ ಫೆಡರಲ್ ಕೋರ್ಟಿನ ಅನುಮತಿ ಕೇಳಬಹುದು. ಯೂರೋಪಿನ ಷೆಂಗೆನ್ ದೇಶಗಳು 2009ರ ವೀಸಾ ಸಂಹಿತೆಯಂತೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಮೇಲ್ಮನವಿಗೂ ಅವಕಾಶವಿರಬೇಕು. ಆದರೆ ಗಡುವು ದೇಶದಿಂದ ದೇಶಕ್ಕೆ ಬೇರೆ.

ಬತ್ತ, ಬಾಳೆ ಮಾರಿ ಬದುಕುವ ಮನೆಗೆ ತಿಂಗಳ ಸಂಬಳದ ಚೀಟಿಯಿರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಸುಗ್ಗಿಯ ಹಣ ಒಮ್ಮೆಲೇ ಬಿದ್ದಿರುತ್ತದೆ. ದೂರದಲ್ಲಿ ಕೂತ ಅಧಿಕಾರಿಗೆ ಅದು ಸಾಲ ತಂದಿಟ್ಟ ಹಣದಂತೆ ಕಾಣಬಹುದು. ಹಿಂದೆ ಇದನ್ನು ನ್ಯಾಯಮಂಡಳಿಯೆದುರು ಮಗಳು ವಿವರಿಸುತ್ತಿದ್ದಳು. ಈಗ ಆ ವಿವರಣೆ ಅರ್ಜಿಯ ಜೊತೆಗೇ ಹೋಗಬೇಕು: ಪಹಣಿ, ಫಸಲು ಮಾರಿದ ರಸೀತಿ, ಅವುಗಳ ಇಂಗ್ಲಿಷ್ ಅನುವಾದ. ಒಮ್ಮೆ ನಿರಾಕರಣೆಯಾಗಿದ್ದರೆ ಆ ಪತ್ರವನ್ನು ಹರಿದು ಹಾಕಬಾರದು. ಅದರ ಒಂದೊಂದು ಸಾಲಿಗೂ ಉತ್ತರ ಕೊಡುವುದೇ ಮುಂದಿನ ಅರ್ಜಿಯ ಕೆಲಸ.