ಜಾಬರನ ಜಾಗಕ್ಕೆ ಬಂದ ಪದವಿ

ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಬಯಸುವ ಪದವೀಧರರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಅಥವಾ ನಿರ್ವಹಣೆಯ ಎಂಬಿಎ. ಶುಲ್ಕ ಎಷ್ಟು, ಸಂಬಳ ಎಷ್ಟು ಎಂಬ ಲೆಕ್ಕದಲ್ಲೇ ಆಯ್ಕೆ ಮುಗಿದುಹೋಗುತ್ತದೆ. ಆದರೆ ಈ ಕೆಲಸಕ್ಕೆ ಪದವಿಯೇ ಏಕೆ ಬೇಕಾಯಿತು ಎಂದು ಕೇಳಿಕೊಂಡರೆ ಆಯ್ಕೆಯ ಅಳತೆಗೋಲೇ ಬದಲಾಗುತ್ತದೆ.

ಬೊಂಬಾಯಿಯ ಹತ್ತಿ ಗಿರಣಿಗಳಲ್ಲಿ ಜಾಬರ್, ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಸರ್ದಾರ: ಒಂದು ಕಾಲದಲ್ಲಿ ಆಳು ತರುವವನೂ ಅವನೇ, ಕೆಲಸ ಬಿಡಿಸುವವನೂ ಅವನೇ. ತನ್ನ ಊರಿನವರನ್ನು, ನೆಂಟರನ್ನು ಗಿರಣಿಗೆ ಸೇರಿಸಿ, ಅದಕ್ಕೆ ಪ್ರತಿಯಾಗಿ ದಸ್ತೂರಿ ವಸೂಲು ಮಾಡುತ್ತಿದ್ದ. ಕೆಲಸ ಉಳಿಯಬೇಕಾದರೆ ಅವನ ಮರ್ಜಿ ಕಾಯಬೇಕಿತ್ತು. ಭಾರತದ ಕಾರ್ಮಿಕರ ಸ್ಥಿತಿ ಪರಿಶೀಲಿಸಲು 1929ರಲ್ಲಿ ನೇಮಕಗೊಂಡ ವಿಟ್ಲಿ ಆಯೋಗ 1931ರ ವರದಿಯಲ್ಲಿ ಈ ಹಿಡಿತವನ್ನು ಸಡಿಲಿಸಲು, ನೇಮಕಾತಿಯನ್ನು ನೋಡಿಕೊಳ್ಳುವ ಲೇಬರ್ ಆಫೀಸರ್ ಬೇಕೆಂದಿತು. ಅವನಲ್ಲಿರಬೇಕೆಂದು ಅದು ಹೇಳಿದ್ದು ಪ್ರಾಮಾಣಿಕತೆ, ವ್ಯಕ್ತಿತ್ವ, ಚೈತನ್ಯ, ಮನುಷ್ಯರನ್ನು ಅರಿಯುವ ಶಕ್ತಿ ಮತ್ತು ಭಾಷೆಯ ಹಿಡಿತ. ವೃತ್ತಿಯ ಮೊದಲ ಅರ್ಹತೆ ಪ್ರಮಾಣಪತ್ರವಾಗಿರಲಿಲ್ಲ, ಗುಣವಾಗಿತ್ತು.

ಗುಣವನ್ನು ಅರ್ಜಿ ನಮೂನೆಯಲ್ಲಿ ತುಂಬಲಾಗದು. ಆದ್ದರಿಂದ ಅದಕ್ಕೊಂದು ತರಬೇತಿ ಬೇಕಾಯಿತು. 1936ರಲ್ಲಿ ಬೊಂಬಾಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದರ ಮೊದಲ ನಿರ್ದೇಶಕರು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿ, ಅವರ ವಿದ್ಯಾರ್ಹತೆ ನಿಗದಿಪಡಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮರುವರ್ಷ ಜಮ್‌ಶೆಡ್‌ಪುರದಲ್ಲಿ ಎಕ್ಸ್‌ಎಲ್‌ಆರ್‌ಐ ಎಂಬ ನಿರ್ವಹಣಾ ಶಿಕ್ಷಣ ಸಂಸ್ಥೆ ಹುಟ್ಟಿತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಬಂತು. ಹಲವು ರಾಜ್ಯಗಳ ನಿಯಮಗಳು ಪದವಿಯ ಜೊತೆಗೆ, ಕಾರ್ಖಾನೆಯ ಬಹುಪಾಲು ಕಾರ್ಮಿಕರು ಆಡುವ ಭಾಷೆಯ ಜ್ಞಾನವನ್ನೂ ಕೇಳಿದವು. 1931ರ ಪಟ್ಟಿಯ ಒಂದು ಗುಣವಾದರೂ ಹೀಗೆ ಕಾನೂನಿನೊಳಗೆ ಉಳಿದುಕೊಂಡಿತು.

ಇದೆಲ್ಲ ಗಿರಣಿ ಕಾಲದ ಮಾತು, ಇಂದಿನ ಸಾಫ್ಟ್‌ವೇರ್ ಕಂಪನಿಗೆ ಇದರಿಂದೇನು ಎಂಬ ಆಕ್ಷೇಪದಲ್ಲಿ ಹುರುಳಿದೆ. 1970ರ ದಶಕದ ನಡುವೆ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿದ ಮೇಲೆ, ನೌಕರರ ಬೆಳವಣಿಗೆ, ಮೌಲ್ಯಮಾಪನ, ತರಬೇತಿಗಳೂ ಈ ವೃತ್ತಿಯ ತಿರುಳಾದವು. ಅಲ್ಲಿ ಎಂಬಿಎ ಕಲಿಸುವ ನಿರ್ವಹಣಾ ಜ್ಞಾನ ನಿಜಕ್ಕೂ ಬೇಕು. ಆದರೆ ಕಾರ್ಖಾನೆ ಕಣ್ಮರೆಯಾಗಿಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಲ್ಯಾಣಾಧಿಕಾರಿ ಬೇಕಾಗುವ ಮಿತಿಯನ್ನು 250ಕ್ಕೆ ಇಳಿಸಿದೆ. ಕಾರ್ಮಿಕರ ಸಂಖ್ಯೆ ಎಷ್ಟೇ ಇರಲಿ, ನೇಮಕಾತಿಯ ಕೀಲಿ ಒಬ್ಬರ ಕೈಯಲ್ಲಿರುವ ಕಡೆಯೆಲ್ಲ ಜಾಬರನ ನೆರಳು ಇದ್ದೇ ಇರುತ್ತದೆ. ಕಲ್ಯಾಣಾಧಿಕಾರಿಗೂ ಸಂಬಳ ಕೊಡುವವರು ಮಾಲೀಕರೇ ಅಲ್ಲವೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಆ ಇಕ್ಕಟ್ಟನ್ನು ಯಾವ ಪದವಿಯೂ ಪೂರ್ತಿ ಬಿಡಿಸದು. ಆದರೆ ಕಾನೂನು ಬಲ್ಲವರಿಗೆ, ಸಹಿ ಹಾಕುವ ಮುನ್ನ ಇದು ನಿಯಮಕ್ಕೆ ವಿರುದ್ಧ ಎಂದು ಹೇಳಲು ಕಾಲಡಿಯಲ್ಲಿ ನೆಲವಿರುತ್ತದೆ.

ಆದ್ದರಿಂದ ಪದವಿಯ ಹೆಸರಿಗಿಂತ ಪಠ್ಯಕ್ರಮವನ್ನು ಮೊದಲು ತೆರೆದು ನೋಡಬೇಕು. ಕಾರ್ಮಿಕ ಕಾನೂನನ್ನು ಗಟ್ಟಿಯಾಗಿ ಕಲಿಸುತ್ತಾರೆಯೇ, ಕ್ಷೇತ್ರಕಾರ್ಯಕ್ಕೆಂದು ತಿಂಗಳುಗಟ್ಟಲೆ ದುಡಿಯುವವರ ನಡುವೆ ಕಳಿಸುತ್ತಾರೆಯೇ, ಕಲ್ಯಾಣಾಧಿಕಾರಿ ಹುದ್ದೆಗೆ ರಾಜ್ಯದ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ವಿಚಾರಿಸಬೇಕು. ಈ ಮೂರೂ ಇರುವ ಎಂಬಿಎ, ಇವಿಲ್ಲದ ಎಂಎಸ್‌ಡಬ್ಲ್ಯುಗಿಂತ ಮೇಲು. ಇವುಗಳಿರುವ ಎಂಎಸ್‌ಡಬ್ಲ್ಯು, ಹೆಸರಷ್ಟೇ ದೊಡ್ಡದಾದ ಎಂಬಿಎಗಿಂತ ಮೇಲು. ಮನುಷ್ಯರನ್ನು ಅರಿಯುವ ಶಕ್ತಿ ತರಗತಿಯಲ್ಲಿ ಮೊಳೆಯಬಹುದು. ಬೇರೂರುವುದು ಅವರ ಭಾಷೆಯಲ್ಲಿ ಅವರ ಮಾತು ಕೇಳಿಸಿಕೊಂಡಾಗಲೇ.