ಬರದ ಊರುಗಳು: ಜೋಡಿ ಸರಾಸರಿಗಳ ಲೆಕ್ಕ ಮತ್ತು ರಾಮದುರ್ಗ ಸೀಮೆ

1876-78ರ ಬರವನ್ನು ಕನ್ನಡ ನಾಡಿನ ಜನ ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. 1872 ಹಾಗೂ 1881ರ ಜನಗಣತಿಗಳು ಅದರ ಎರಡು ಬದಿಗಳಲ್ಲಿ ನಿಂತಿವೆ. ಬೆಳಗಾವಿ ಜಿಲ್ಲೆಯಲ್ಲಿ 9.3 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 8.6 ಲಕ್ಷದ ಆಸುಪಾಸಿಗೆ ಇಳಿದುದು ಇವುಗಳಿಂದ ತಿಳಿಯುತ್ತದೆ. ರಾಮದುರ್ಗವು 1948ರವರೆಗೆ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದುದರಿಂದ ಅದರ ಲೆಕ್ಕ ಈ ಮೊತ್ತದಲ್ಲಿಲ್ಲ. ಸಂಸ್ಥಾನದ ಊರುಗಳನ್ನೂ ನೆರೆಯ ಪರಸಗಡ (ಇಂದಿನ ಸವದತ್ತಿ) ತಾಲ್ಲೂಕಿನ ಊರುಗಳನ್ನೂ ಬೇರೆ ಬೇರೆ ದಾಖಲೆಗಳಿಂದ ಕೂಡಿಸಬೇಕಾಗುತ್ತದೆ.

ಮೊತ್ತದ ಇಳಿಕೆ ಯಾವ ಊರಿನ ಮೇಲೆ ಎಷ್ಟು ಬಿದ್ದಿತೆಂಬುದನ್ನು ಹೇಳದು. ಎರಡು ಗಣತಿಗಳ ಊರುಗಳನ್ನು ಸಂಬಂಧವಿಲ್ಲದ ಎರಡು ಗುಂಪುಗಳೆಂದು ಬಗೆದು ಸರಾಸರಿಗಳನ್ನು ಹೋಲಿಸುವ ರೂಢಿಯೂ ಸರಿಯಲ್ಲ. ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ಮೂರು ಊರುಗಳ ಜನಸಂಖ್ಯೆ 2000, 600, 250 ಇದ್ದುದು 1800, 520, 190 ಆಯಿತೆನ್ನೋಣ. ಸರಾಸರಿ 950ರಿಂದ 837ಕ್ಕೆ ಇಳಿಯಿತು. ಆದರೆ ಊರು ಊರುಗಳ ನಡುವಿನ ಅಂತರವೇ ಸಾವಿರಗಳಲ್ಲಿರುವಾಗ ಈ ಇಳಿಕೆ ಆಕಸ್ಮಿಕವೆಂಬಂತೆ ಮರೆಯಾಗುತ್ತದೆ. ಪ್ರತಿ ಊರನ್ನು ಅದರೊಂದಿಗೇ ಜೋಡಿಸಿದರೆ 200, 80, 60 ಎಂಬ ವ್ಯತ್ಯಾಸಗಳು ದೊರೆಯುತ್ತವೆ. ಶೇಕಡಾವಾರು ನೋಡಿದರೆ 10, 13, 24. ಚಿಕ್ಕ ಊರೇ ಹೆಚ್ಚು ಕಳೆದುಕೊಂಡಿದೆ.

ಇಂತಹ ಜೋಡಿ ವ್ಯತ್ಯಾಸಗಳ ಸರಾಸರಿಯನ್ನು ಅದರ ಪ್ರಮಾಣ ದೋಷದಿಂದ ಭಾಗಿಸಿ ಪರೀಕ್ಷಿಸುವ ಕ್ರಮಕ್ಕೆ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗೊಸೆಟ್ 1908ರಲ್ಲಿ ತಳಹದಿ ಹಾಕಿದನು. ‘ಸ್ಟೂಡೆಂಟ್’ ಎಂಬ ಗುಪ್ತನಾಮದ ಆ ಲೇಖನದಲ್ಲಿ ಹತ್ತು ರೋಗಿಗಳು ಎರಡು ಔಷಧಗಳಿಂದ ಪಡೆದ ಹೆಚ್ಚುವರಿ ನಿದ್ರೆಯ ಲೆಕ್ಕವಿದೆ. 1920ರ ದಶಕದಲ್ಲಿ ಫಿಶರ್ ಅದಕ್ಕೆ ಇಂದಿನ ‘ಟಿ’ ರೂಪ ಕೊಟ್ಟನು.

ರೋಗಿಗಳ ವಿಷಯದಲ್ಲಿ ಸುಗಮವಾದುದು ಊರುಗಳಲ್ಲಿ ತೊಡಕಾಗುತ್ತದೆ. 1872ರಲ್ಲಿ 120 ಜನರಿದ್ದ ಊರೊಂದು 1881ರ ಪಟ್ಟಿಯಲ್ಲಿಲ್ಲದಿದ್ದರೆ ಅದಕ್ಕೆ ಜೋಡಿಯೇ ಇಲ್ಲ. ಜೋಡಿ ಇಲ್ಲದ ಸಾಲನ್ನು ಲೆಕ್ಕದಿಂದ ಬಿಡುವುದು ವಾಡಿಕೆ. ಹಾಗೆ ಬಿಟ್ಟರೆ ಬರವು ಪೂರ್ತಿ ನುಂಗಿದ ಊರೇ ಬರದ ಲೆಕ್ಕದಿಂದ ಹೊರಗುಳಿಯುತ್ತದೆ! ಉಳಿದ ಊರುಗಳಷ್ಟೇ ಸಾಕ್ಷಿ ನುಡಿಯುವುದರಿಂದ ಹಾನಿ ಕಡಿಮೆ ಕಾಣುತ್ತದೆ. ಊರು ನಿಜವಾಗಿ ಬೇಚರಾಕ್ ಆಗಿದ್ದರೆ ಎರಡನೆಯ ಅಂಕಿಯನ್ನು ಸೊನ್ನೆಯೆಂದೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಹೆಸರು ಬದಲಾಗಿದೆಯೋ, ನೆರೆಯ ಊರಿಗೆ ಸೇರಿದೆಯೋ ಎಂಬುದನ್ನು ಕಂದಾಯ ದಾಖಲೆಗಳಿಂದ ಮೊದಲು ನಿರ್ಧರಿಸಿಕೊಳ್ಳಬೇಕು. ಸೊನ್ನೆಯೂ ಸಾವಿನ ಸಂಖ್ಯೆಯಲ್ಲ. ಗಡಿ ದಾಟಿ ಸಂಸ್ಥಾನದಿಂದ ಪರಸಗಡದ ಕಡೆಗೆ ಹೋದ ಕುಟುಂಬ ಒಂದು ದಾಖಲೆಯಲ್ಲಿ ನಷ್ಟವಾಗಿಯೂ ಇನ್ನೊಂದರಲ್ಲಿ ಗಳಿಕೆಯಾಗಿಯೂ ಕಾಣಿಸಿಕೊಳ್ಳುತ್ತದೆ.